ಹೊನ್ನಶೂಲದ ಹನ್ನೊಂದು ದಿನಗಳು

2014ರ ಫೆಬ್ರುವರಿ 9ರಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ, ರಷ್ಯಾದ ಸೋಚಿ ಒಲಿಂಪಿಕ್ಸ್‌ನ ಫಿಗರ್ ಸ್ಕೇಟಿಂಗ್‌ನಲ್ಲಿ ಒಬ್ಬ ಹುಡುಗಿ ಗಳಿಸಿದ ಎರಡು ಅಂಕಗಳನ್ನು ಒಂದರ ಕೆಳಗೊಂದು ಬರೆದು ಕೂಡಿದ್ದೆ. 72.90 ಮತ್ತು 141.51. ಮೊತ್ತ 214.41. ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ ‘ಇನ್ನು ತಡೆಯುವವರಿಲ್ಲ’ ಎಂದು ಬರೆದಿದ್ದೆ. ಆ ಪುಟ ಈಗಲೂ ನನ್ನ ಬಳಿ ಇದೆ. ಅಂಕಗಳು ಸರಿಯಾಗಿವೆ, ಕೂಡಿದ್ದೂ ಸರಿಯಾಗಿದೆ. ತಪ್ಪಿದ್ದು ಪಕ್ಕದ ಎರಡು ಪದಗಳಲ್ಲಿ. ಆ ವಾರ ಜಗತ್ತಿನ ಪತ್ರಿಕೆಗಳು ಅದನ್ನೇ ದೊಡ್ಡ ಅಕ್ಷರಗಳಲ್ಲಿ ಬರೆದವು.

ಆ ಅಂಕಗಳನ್ನು ಗಳಿಸಿದವಳು ಯೂಲಿಯಾ ಲಿಪ್ನಿಟ್ಸ್ಕಾಯಾ. ಹುಟ್ಟಿದ್ದು 1998ರ ಜೂನ್ 5, ರಷ್ಯಾದ ಯೆಕಟೆರಿನ್‌ಬರ್ಗ್‌ನಲ್ಲಿ. ನಾಲ್ಕನೇ ವಯಸ್ಸಿನಲ್ಲಿ ಸ್ಕೇಟಿಂಗ್ ಆರಂಭಿಸಿದಳು. 2009ರಲ್ಲಿ ತಾಯಿಯೊಂದಿಗೆ ಮಾಸ್ಕೋಗೆ ಬಂದು ತರಬೇತುಗಾರ್ತಿ ಎಟೆರಿ ಟುಟ್ಬೆರಿಡ್ಜೆ ಅವರ ಬಳಿ ಸೇರಿದಳು. 2012ರಲ್ಲಿ ಮಿನ್ಸ್ಕ್‌ನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದಳು. 2014ರ ಜನವರಿಯಲ್ಲಿ ಬುಡಾಪೆಸ್ಟ್‌ನಲ್ಲಿ 209.72 ಅಂಕಗಳೊಂದಿಗೆ ಯುರೋಪಿನ ಚಾಂಪಿಯನ್ ಪಟ್ಟ ಗೆದ್ದಳು. ಮಹಿಳೆಯರ ವಿಭಾಗದಲ್ಲಿ ಅಷ್ಟು ಚಿಕ್ಕ ವಯಸ್ಸಿನ ಯುರೋಪಿಯನ್ ಚಾಂಪಿಯನ್ ಅದುವರೆಗೆ ಇರಲಿಲ್ಲ. ಇಷ್ಟನ್ನೂ ಗಮನಿಸುತ್ತಿದ್ದವರು ಜಗತ್ತಿನಾದ್ಯಂತ ಹರಡಿದ್ದ, ವರ್ಷವಿಡೀ ಈ ಕ್ರೀಡೆಯನ್ನು ನೋಡುವ ಅಭಿಮಾನಿಗಳು. ನಾನು ಅವರಲ್ಲೊಬ್ಬ. ನಾಲ್ಕು ವರ್ಷಕ್ಕೊಮ್ಮೆ ಎರಡು ವಾರ ಮಾತ್ರ ಫಿಗರ್ ಸ್ಕೇಟಿಂಗ್ ಕಡೆ ತಿರುಗುವ ಕ್ಯಾಮೆರಾಗಳಿಗೆ ಅವಳು ಫೆಬ್ರುವರಿ 8ರ ಸಂಜೆ ಆಕಾಶದಿಂದ ಇಳಿದುಬಂದವಳಂತೆ ಕಂಡಳು.

ಕೆಂಪು ಉಡುಪು

ಸೋಚಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಫಿಗರ್ ಸ್ಕೇಟಿಂಗ್ ತಂಡ ಸ್ಪರ್ಧೆ ಇತ್ತು. ನಾಲ್ಕು ವಿಭಾಗಗಳಲ್ಲಿ ಪ್ರತಿ ದೇಶದ ಸ್ಥಾನಕ್ಕೆ ಅಂಕ, ಎಲ್ಲವನ್ನೂ ಕೂಡಿ ಪದಕ. ರಷ್ಯಾ ಮಹಿಳೆಯರ ಎರಡೂ ಸುತ್ತುಗಳಿಗೆ ಯೂಲಿಯಾಳನ್ನೇ ಇಳಿಸಿತು. ಫೆಬ್ರುವರಿ 8ರಂದು ಮೊದಲ, ಚಿಕ್ಕ ಸುತ್ತಾದ ಶಾರ್ಟ್ ಪ್ರೋಗ್ರಾಂನಲ್ಲಿ 72.90 ಅಂಕ ಗಳಿಸಿ, ಇಟಲಿಯ ಕರೊಲಿನಾ ಕೋಸ್ಟ್ನರ್ ಅವರನ್ನು ಎರಡನೇ ಸ್ಥಾನಕ್ಕೆ ಸರಿಸಿದಳು. ಮರುದಿನ ಕೆಂಪು ಉಡುಪಿನಲ್ಲಿ ‘ಶಿಂಡ್ಲರ್ಸ್ ಲಿಸ್ಟ್’ ಚಿತ್ರದ ಸಂಗೀತಕ್ಕೆ ಎರಡನೆಯ, ದೀರ್ಘ ಸುತ್ತಾದ ಫ್ರೀ ಸ್ಕೇಟ್ ಮಾಡಿದಳು. ಕಪ್ಪು ಬಿಳುಪಿನ ಆ ಚಿತ್ರದಲ್ಲಿ ಕೆಂಪು ಕೋಟು ತೊಟ್ಟ ಒಂದು ಪುಟ್ಟ ಹುಡುಗಿ ಬರುತ್ತಾಳೆ. ಯೂಲಿಯಾ ಮಂಜುಗಡ್ಡೆಯ ಮೇಲೆ ಆ ಹುಡುಗಿಯಾಗಿ ನಿಂತಿದ್ದಳು. ನೃತ್ಯ ಸಂಯೋಜನೆ ಇಲ್ಯಾ ಅವೆರ್ಬುಖ್ ಅವರದು.

ಆ ಪ್ರದರ್ಶನದ ಬಗ್ಗೆ ನನ್ನಲ್ಲಿ ಇವತ್ತಿಗೂ ಎರಡು ಮಾತಿಲ್ಲ. ಅವಳ ಸ್ಪಿನ್‌ಗಳಲ್ಲಿ ಒಂದರಲ್ಲಿ ಎತ್ತಿದ ಕಾಲು ತಲೆಯ ಪಕ್ಕಕ್ಕೆ, ಬೆನ್ನಿಗೆ ಅಂಟಿಕೊಂಡಂತೆ ನೇರವಾಗಿ ನಿಲ್ಲುತ್ತದೆ. ಇಡೀ ದೇಹ ಒಂದೇ ಗೆರೆಯಾಗುತ್ತದೆ. ಆ ಗೆರೆ ತಿರುಗುತ್ತ ತಿರುಗುತ್ತ ವೇಗ ಹೆಚ್ಚಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಇಂಥ ಭಂಗಿಯಲ್ಲಿ ಸ್ಪಿನ್ ನಿಧಾನವಾಗುತ್ತದೆ, ಏಕೆಂದರೆ ಸಮತೋಲನ ಕಾಯುವುದರಲ್ಲೇ ಬಲ ಹೋಗುತ್ತದೆ. ಇವಳ ವಿಷಯದಲ್ಲಿ ಕೆಂಪು ಬಟ್ಟೆ ಮಸುಕಾಗಿ, ಮುಖ ಕಾಣದಂತಾಗಿ, ಕೊನೆಗೆ ಮಂಜಿನ ಮೇಲೆ ಕೆಂಪು ಬಣ್ಣವಷ್ಟೇ ಉಳಿಯಿತು. ಆ ಕ್ಷಣದಲ್ಲಿ ಐಸ್‌ಬರ್ಗ್ ಕ್ರೀಡಾಂಗಣ ಎದ್ದು ನಿಂತದ್ದು ಸಹಜ. ರಷ್ಯಾದ ಅಧ್ಯಕ್ಷ ಪುಟಿನ್ ಅವರು ಅವಳನ್ನು ಅಭಿನಂದಿಸುತ್ತಿರುವ ಚಿತ್ರ ಆ ರಾತ್ರಿಯೇ ಜಗತ್ತನ್ನು ಸುತ್ತಿತು. ರಷ್ಯಾ 75 ಅಂಕಗಳೊಂದಿಗೆ ಚಿನ್ನ, ಕೆನಡಾ 65, ಅಮೆರಿಕ 60.

ಇಲ್ಲಿಯವರೆಗಿನ ಹೊಗಳಿಕೆ ಅವಳಿಗೆ ಸಲ್ಲಬೇಕಾದದ್ದೇ. ಪ್ರಕರಣ ಶುರುವಾಗುವುದು ಮರುದಿನ ಬೆಳಗ್ಗೆ.

ಬಿಟ್ಟುಹೋದ ಒಂದು ಪದಗುಚ್ಛ

ಉತ್ಪ್ರೇಕ್ಷೆ ಹೇಗೆ ಹುಟ್ಟುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡಬೇಕಾದರೆ ‘ಅತಿ ಕಿರಿಯ’ ಎಂಬ ಪದವನ್ನು ಹಿಂಬಾಲಿಸಬೇಕು. ಫೆಬ್ರುವರಿ 9ರಂದು ಯೂಲಿಯಾಳ ವಯಸ್ಸು 15 ವರ್ಷ 249 ದಿನ. 1936ರಲ್ಲಿ ಗಾರ್ಮಿಷ್‌ನಲ್ಲಿ ಜೋಡಿ ವಿಭಾಗದ ಚಿನ್ನ ಗೆದ್ದ ಜರ್ಮನಿಯ ಮ್ಯಾಕ್ಸಿ ಹೆರ್ಬರ್ ಅವರಿಗೆ 15 ವರ್ಷ 128 ದಿನ. ಆದ್ದರಿಂದ ಸರಿಯಾದ ವಾಕ್ಯ ‘78 ವರ್ಷಗಳಲ್ಲಿ ಫಿಗರ್ ಸ್ಕೇಟಿಂಗ್ ಚಿನ್ನ ಗೆದ್ದವರಲ್ಲೇ ಕಿರಿಯಳು’ ಎಂದಾಗಬೇಕು. ಎಚ್ಚರದಿಂದ ಬರೆದ ಕೆಲವರು ಹಾಗೆಯೇ ಬರೆದರು. ಆ ವಾಕ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ‘78 ವರ್ಷಗಳಲ್ಲಿ’ ಬಿದ್ದುಹೋಯಿತು. ಮುಂದಿನ ಮೆಟ್ಟಿಲಲ್ಲಿ ‘ಫಿಗರ್ ಸ್ಕೇಟಿಂಗ್’ ಕೂಡ ಬಿದ್ದು, ಚಳಿಗಾಲದ ಒಲಿಂಪಿಕ್ಸ್‌ನ ಇತಿಹಾಸದಲ್ಲೇ ಕಿರಿಯಳು ಎಂಬಂತಾಯಿತು. 1994ರಲ್ಲಿ ಲಿಲ್ಲೆಹ್ಯಾಮರ್‌ನಲ್ಲಿ ಮಂಜುಗಡ್ಡೆಯ ಮೇಲಿನ ವೇಗದ ಸ್ಪರ್ಧೆಯಾದ ಶಾರ್ಟ್ ಟ್ರ್ಯಾಕ್‌ನ ರಿಲೇ ಚಿನ್ನ ಗೆದ್ದ ದಕ್ಷಿಣ ಕೊರಿಯದ ಕಿಮ್ ಯುನ್‌ಮಿಗೆ ಆಗ 13 ವರ್ಷ. ಯಾರೂ ಬೇಕೆಂದೇ ಸುಳ್ಳು ಹೇಳಿರಲಿಲ್ಲ. ಶೀರ್ಷಿಕೆಗೆ ಜಾಗ ಸಾಲದೆ ಎರಡು ಪದಗಳನ್ನು ಕತ್ತರಿಸಿದ್ದರು, ಅಷ್ಟೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ತಾರಾ ಲಿಪಿನ್ಸ್ಕಿ ಹೋಲಿಕೆ. 1998ರಲ್ಲಿ ನಗಾನೊದಲ್ಲಿ ಅಮೆರಿಕದ ಲಿಪಿನ್ಸ್ಕಿ ಮಹಿಳೆಯರ ವೈಯಕ್ತಿಕ ಚಿನ್ನ ಗೆದ್ದಾಗ ವಯಸ್ಸು 15 ವರ್ಷ 255 ದಿನ. ಯೂಲಿಯಾ ತಂಡ ಚಿನ್ನ ಗೆದ್ದಾಗ ಆರು ದಿನ ಚಿಕ್ಕವಳು. ಈ ಆರು ದಿನಗಳ ಬಗ್ಗೆ ಬಹಳ ಬರೆಯಲಾಯಿತು. ಆದರೆ ವೈಯಕ್ತಿಕ ಸ್ಪರ್ಧೆಯ ಅಂತಿಮ ಸುತ್ತು ಇದ್ದದ್ದು ಫೆಬ್ರುವರಿ 20ಕ್ಕೆ, ನಗಾನೊದ ಅದೇ ತಾರೀಖಿಗೆ. ಆ ದಿನ ಯೂಲಿಯಾಳ ವಯಸ್ಸು 15 ವರ್ಷ 260 ದಿನ. ಅಂದರೆ ಅವಳು ಗೆದ್ದರೂ ವೈಯಕ್ತಿಕ ದಾಖಲೆ ಲಿಪಿನ್ಸ್ಕಿ ಹೆಸರಿನಲ್ಲೇ ಇರುತ್ತಿತ್ತು, ಐದು ದಿನಗಳ ಅಂತರದಲ್ಲಿ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿದರೆ ಒಂದು ನಿಮಿಷದ ಕೆಲಸ. ಎಣಿಸಿದವರು ಅಭಿಮಾನಿಗಳು.

ಆ ದಿನ ಮಂಜುಗಡ್ಡೆಯ ಮೇಲೆ ಯಾರು ಇರಲಿಲ್ಲ?

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವ ಕೆಲಸ ಆ ವಾರ ಭರದಿಂದ ಸಾಗಿತು. ವೈಯಕ್ತಿಕ ಚಿನ್ನ ಅವಳದೇ, ಉಳಿದವರು ಬೆಳ್ಳಿಗಾಗಿ ಸೆಣಸಬೇಕು ಎಂಬ ಧಾಟಿ. ಅಭಿಮಾನಿಗಳು ಕೇಳಿದ ಪ್ರಶ್ನೆ ಸರಳವಾಗಿತ್ತು: ಅವಳು ಗೆದ್ದದ್ದು ಯಾರ ಎದುರು?

ಫೆಬ್ರುವರಿ 9ರ ಫ್ರೀ ಸ್ಕೇಟ್‌ನಲ್ಲಿದ್ದವರು ಐದೇ ಮಂದಿ. ಎರಡನೇ ಸ್ಥಾನ ಅಮೆರಿಕದ ಗ್ರೇಸಿ ಗೋಲ್ಡ್ ಅವರದು, 129.38. ಕೋಸ್ಟ್ನರ್ ಬದಲು ಇಟಲಿ ಬೇರೆಯವರನ್ನು ಇಳಿಸಿತ್ತು. ಶಾರ್ಟ್ ಪ್ರೋಗ್ರಾಂನಲ್ಲಿ ಎಡವಿದ ಜಪಾನಿನ ಮಾವೋ ಅಸಾಡಾ ಫ್ರೀ ಸ್ಕೇಟ್‌ಗೆ ಬರಲಿಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ 228.56 ಅಂಕಗಳ ದಾಖಲೆಯೊಂದಿಗೆ ಚಿನ್ನ ಗೆದ್ದಿದ್ದ, 2013ರ ವಿಶ್ವ ಚಾಂಪಿಯನ್ ಯುನಾ ಕಿಮ್ ಅಲ್ಲಿ ಇರಲೇ ಇಲ್ಲ, ಏಕೆಂದರೆ ದಕ್ಷಿಣ ಕೊರಿಯಕ್ಕೆ ತಂಡ ಸ್ಪರ್ಧೆಯಲ್ಲಿ ಸ್ಥಾನ ಸಿಕ್ಕಿರಲಿಲ್ಲ.

ಇನ್ನೊಬ್ಬಳೂ ಇರಲಿಲ್ಲ. ಅವಳ ಗೈರುಹಾಜರಿಯನ್ನು ಬಹುಪಾಲು ವರದಿಗಳು ಗಮನಿಸಲೇ ಇಲ್ಲ. ಅಡೆಲಿನಾ ಸೋಟ್ನಿಕೋವಾ. 2013ರ ಡಿಸೆಂಬರ್‌ನಲ್ಲಿ ನಡೆದ ರಷ್ಯಾದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಸೋಟ್ನಿಕೋವಾಳದು, ಎರಡನೆಯದು ಯೂಲಿಯಾಳದು. ಅಂದರೆ ಇಡೀ ಜಗತ್ತು ಚಿನ್ನ ಕೊಟ್ಟಾಗಿದ್ದ ಹುಡುಗಿ ಆ ಋತುವಿನಲ್ಲಿ ತನ್ನದೇ ದೇಶದ ಚಾಂಪಿಯನ್ ಆಗಿರಲಿಲ್ಲ. ಅದೇ ತಿಂಗಳು ಫುಕುವೋಕಾದಲ್ಲಿ, ಋತುವಿನ ಅಗ್ರ ಸ್ಕೇಟರ್‌ಗಳಷ್ಟೇ ಸೆಣಸುವ ಗ್ರ್ಯಾನ್ ಪ್ರಿ ಫೈನಲ್‌ನಲ್ಲಿ ಅಸಾಡಾ 204.02, ಯೂಲಿಯಾ 192.07. ಹನ್ನೆರಡು ಅಂಕಗಳ ಸೋಲು ಎರಡು ತಿಂಗಳಲ್ಲಿ ಯಾರಿಗೂ ನೆನಪಿರಲಿಲ್ಲ.

ತಂತ್ರದ ಬಗ್ಗೆಯೂ ಮಾತುಗಳಿದ್ದವು. ಲಟ್ಜ್ ಜಿಗಿತಕ್ಕೆ ಎಡಗಾಲಿನ ಬ್ಲೇಡಿನ ಹೊರ ಅಂಚಿನ ಮೇಲೆ ಹಿಮ್ಮುಖವಾಗಿ ಸಾಗಿ, ಬಲಗಾಲಿನ ತುದಿಯನ್ನು ಮಂಜಿಗೆ ಊರಿ ಮೇಲೇಳಬೇಕು. ಕಷ್ಟ ಇರುವುದು ಆ ಹೊರ ಅಂಚನ್ನು ಕೊನೆಯವರೆಗೆ ಹಿಡಿದಿಡುವುದರಲ್ಲಿ, ಏಕೆಂದರೆ ಸಾಗುವ ಬಾಗು ಒಂದು ದಿಕ್ಕಿಗೆ, ಗಾಳಿಯಲ್ಲಿ ತಿರುಗುವುದು ಇನ್ನೊಂದು ದಿಕ್ಕಿಗೆ. ಅನೇಕರಂತೆ ಯೂಲಿಯಾಳ ಪಾದವೂ ಕೊನೆಯ ಗಳಿಗೆಯಲ್ಲಿ ಒಳ ಅಂಚಿಗೆ ವಾಲುತ್ತಿತ್ತು. ನಿಧಾನಗತಿಯಲ್ಲಿ ನೋಡಿದವರಿಗೆ ಅದು ಕಾಣುತ್ತಿತ್ತು. ನೋಡುವ ಕಣ್ಣಿದ್ದವರು ಹೇಳಿದರು. ಅದನ್ನು ಹೇಳುವುದು ದ್ವೇಷವಲ್ಲ. ಒಬ್ಬ ಕ್ರೀಡಾಪಟುವಿನ ಕೆಲಸವನ್ನು ಅಷ್ಟು ಸೂಕ್ಷ್ಮವಾಗಿ ನೋಡುವುದು ಗೌರವದ ಒಂದು ರೂಪ ಎಂದೇ ನಾನು ನಂಬಿದ್ದೇನೆ.

ಈಗ ನನ್ನ ಟಿಪ್ಪಣಿ ಪುಸ್ತಕದ 214.41ಕ್ಕೆ ಬರುತ್ತೇನೆ. ವೈಯಕ್ತಿಕ ಸ್ಪರ್ಧೆ ಮುಗಿದಾಗ ಮೊದಲ ಮೂವರ ಮೊತ್ತ ಹೀಗಿತ್ತು: ಸೋಟ್ನಿಕೋವಾ 224.59, ಯುನಾ ಕಿಮ್ 219.11, ಕೋಸ್ಟ್ನರ್ 216.73. ಯೂಲಿಯಾ ತನ್ನ ತಂಡ ಸ್ಪರ್ಧೆಯ ಎರಡೂ ಪ್ರದರ್ಶನಗಳನ್ನು ಒಂದು ಕೂದಲೆಳೆಯೂ ಆಚೀಚೆ ಆಗದಂತೆ ಮರಳಿ ಮಾಡಿ ಅದೇ ಅಂಕಗಳನ್ನು ಪಡೆದಿದ್ದರೆ ಅವಳ ಸ್ಥಾನ ನಾಲ್ಕು. ಅಂಕ ಕೊಡುವ ಧಾರಾಳತನ ದಿನದಿಂದ ದಿನಕ್ಕೆ ಬದಲಾಗುತ್ತದೆ ಎಂಬ ಎಚ್ಚರದೊಂದಿಗೇ ಇದನ್ನು ಹೇಳುತ್ತಿದ್ದೇನೆ. ಹಾಗಿದ್ದರೂ ಈ ಲೆಕ್ಕ ನನ್ನ ನಿದ್ದೆಗೆಡಿಸಿದೆ. ‘ಇತಿಹಾಸದ ಪ್ರದರ್ಶನ’ ಎಂದು ಎಲ್ಲರೂ ಹೊತ್ತು ಮೆರೆಸಿದ್ದನ್ನು ಅವಳು ಅಕ್ಷರಶಃ ಪುನರಾವರ್ತಿಸಿದ್ದರೂ ಪದಕ ಬರುತ್ತಿತ್ತೆಂದು ಹೇಳಲಾಗದು. ಆಗ ಏನೆಂದು ಬರೆಯುತ್ತಿದ್ದರು? ‘ಕುಸಿದಳು’ ಎಂದೇ ಬರೆಯುತ್ತಿದ್ದರು.

ಸಿಟ್ಟು ಹರಿದ ದಿಕ್ಕು

ಫೆಬ್ರುವರಿ 13ರಂದು ಇನ್ನೊಂದು ಘಟನೆ ನಡೆಯಿತು. ರಷ್ಯಾದ ಯೆವ್ಗೆನಿ ಪ್ಲುಶೆಂಕೊ ಪುರುಷರ ಶಾರ್ಟ್ ಪ್ರೋಗ್ರಾಂಗೆ ಮುನ್ನ ಬೆನ್ನುನೋವಿನಿಂದ ಹಿಂದೆ ಸರಿದರು. ಪುರುಷರ ವಿಭಾಗದಲ್ಲಿ ರಷ್ಯಾಕ್ಕೆ ಇದ್ದದ್ದು ಒಂದೇ ಸ್ಥಾನ. ಆತಿಥೇಯ ದೇಶದ ಫಿಗರ್ ಸ್ಕೇಟಿಂಗ್ ಮೇಲೆ ನೆಟ್ಟಿದ್ದ ಕ್ಯಾಮೆರಾಗಳಿಗೆ ಏಕವ್ಯಕ್ತಿ ವಿಭಾಗಗಳಲ್ಲಿ ಉಳಿದ ಮುಖ ಯೂಲಿಯಾಳದೇ. ಅತ್ತ ದಕ್ಷಿಣ ಕೊರಿಯದ ಮಾಧ್ಯಮಗಳಿಗೆ ಯುನಾ ಕಿಮ್ ಅವರ ಕೊನೆಯ ಸ್ಪರ್ಧೆಗೆ ಒಬ್ಬ ಎದುರಾಳಿ ಬೇಕಾಗಿತ್ತು. ಅಲ್ಲೂ ಸಿಕ್ಕಿದ್ದು ಇದೇ ಮುಖ. ಒಂದು ಕಡೆ ದೇಶದ ಭರವಸೆ, ಇನ್ನೊಂದು ಕಡೆ ರಾಣಿಯ ಕಿರೀಟಕ್ಕೆ ಕೈಹಾಕಿದವಳು. ಹದಿನೈದರ ಹುಡುಗಿ ಎರಡನ್ನೂ ಹೊತ್ತು ಮಾಸ್ಕೋಗೆ ಹೋಗಿ ಅಭ್ಯಾಸ ಮಾಡಿ ಸೋಚಿಗೆ ಮರಳಿದಳು.

ಈ ಹೊತ್ತಿಗೆ ಅಭಿಮಾನಿಗಳ ಬಳಗ ಒಡೆದಿತ್ತು. ಹಳಬರಲ್ಲಿ ಕೆಲವರು ಅಂಕಪಟ್ಟಿಗಳನ್ನು ಹಿಡಿದು ತಾಳ್ಮೆಯಿಂದ ತಿದ್ದುತ್ತಿದ್ದರು. ಅವರ ಮಾತು ಯಾರಿಗೂ ಬೇಕಿರಲಿಲ್ಲ. ಹೊಸದಾಗಿ ಬಂದವರು ಅವಳ ಹೆಸರಿನ ಮುಂದೆ ವಿಶೇಷಣಗಳನ್ನು ಪೇರಿಸುತ್ತಿದ್ದರು. ಕೋಸ್ಟ್ನರ್, ಅಸಾಡಾ, ಕಿಮ್ ಅವರನ್ನು ಹತ್ತು ವರ್ಷಗಳಿಂದ ಪ್ರೀತಿಸುತ್ತಿದ್ದವರಿಗೆ ಗಾಯವಾಗಿತ್ತು. ಗಾಯಗಳಿಂದ ಚೇತರಿಸಿಕೊಂಡು, ಸೋಲುಗಳನ್ನು ನುಂಗಿ, ಇಪ್ಪತ್ತಮೂರು ಇಪ್ಪತ್ತೇಳರ ವಯಸ್ಸಿನಲ್ಲಿ ಒಲಿಂಪಿಕ್ಸ್‌ಗೆ ಬಂದಿದ್ದ ಮಹಿಳೆಯರನ್ನು ಯಾರೂ ಕೇಳುವವರಿಲ್ಲವಾಗಿದ್ದರು. ಆ ನೋವು ನ್ಯಾಯವಾದದ್ದು. ಅದು ಹರಿದ ದಿಕ್ಕು ಮಾತ್ರ ನ್ಯಾಯವಾದದ್ದಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಶೀರ್ಷಿಕೆ ಬರೆದವರ ಮೇಲಿನ ಕೋಪವನ್ನು ಆ ಹುಡುಗಿಯ ಮೇಲೆ ತೀರಿಸಿಕೊಳ್ಳಲಾಯಿತು. ನಗುವುದಿಲ್ಲ, ಸೊಕ್ಕು ಎಂದರು. ಜಿಗಿತಗಳು ಚಿಕ್ಕವು, ಎತ್ತರವಿಲ್ಲ ಎಂದರು. ಮೈ ಬೆಳೆದ ಮೇಲೆ ನೋಡೋಣ ಎಂದರು. ಈ ಕೊನೆಯ ಮಾತನ್ನು ನಾನೂ ಆಡಿದ್ದೇನೆ. ತಜ್ಞನ ಧಾಟಿಯಲ್ಲಿ, ಹಗುರಾದ ಮೈಗೆ ಗಾಳಿಯಲ್ಲಿ ಬೇಗ ತಿರುಗುವುದು ಸುಲಭ, ಸೊಂಟ ಅಗಲವಾದರೆ ಜಿಗಿತ ಹೋಗುತ್ತದೆ ಎಂದು ವಿವರಿಸಿದ್ದೇನೆ. ಭೌತಶಾಸ್ತ್ರದ ಮಟ್ಟಿಗೆ ಆ ಮಾತು ಸರಿ. ಒಂದು ಮಗು ಬೆಳೆಯುವುದನ್ನೇ ಸೋಲಿನಂತೆ ಎದುರು ನೋಡುವ ಮಾತೂ ಹೌದು. ಅದೇ ಪುಸ್ತಕದಲ್ಲಿ, ಇನ್ನೊಂದು ಪುಟದಲ್ಲಿ, ಅವಳನ್ನು ‘ಗರಿಯಂತೆ ಹಗುರ’ ಎಂದು ಮೆಚ್ಚಿ ಬರೆದಿದ್ದೇನೆ. ಮೆಚ್ಚಿದ್ದೂ ಅದನ್ನೇ, ಚುಚ್ಚಿದ್ದೂ ಅದನ್ನೇ. ಆ ದೇಹ ಹಾಗಿರಲು ಅವಳು ಏನು ತೆರುತ್ತಿದ್ದಾಳೆ ಎಂದು ಕೇಳುವುದು ನನಗೆ ಹೊಳೆಯಲಿಲ್ಲ.

ಫೆಬ್ರುವರಿ 19

ಶಾರ್ಟ್ ಪ್ರೋಗ್ರಾಂ. ಅವಳ ಹೆಸರು ಕೂಗಿದಾಗ ಕ್ರೀಡಾಂಗಣದಲ್ಲಿ ಎದ್ದ ಸದ್ದು ಟಿವಿಯ ಧ್ವನಿಯನ್ನೇ ಒಡೆಯುವಂತಿತ್ತು. ತನ್ನ ದೇಶದ ಹನ್ನೆರಡು ಸಾವಿರ ಜನ ಕೂರುವ ಕ್ರೀಡಾಂಗಣದಲ್ಲಿ, ಎಂಟು ಸೆಕೆಂಡ್ ಕೂಡ ಮೌನ ಸಿಗದೆ, ಅವಳು ಆರಂಭದ ಭಂಗಿಯಲ್ಲಿ ನಿಂತಳು. ಟ್ರಿಪಲ್ ಫ್ಲಿಪ್‌ನಲ್ಲಿ ಬಿದ್ದಳು. ಮೂರು ಸುತ್ತು ತಿರುಗಿ ಬಲಗಾಲಿನ ಹೊರ ಅಂಚಿನ ಮೇಲೆ ಇಳಿಯಬೇಕಾದಲ್ಲಿ ಅಂಚು ಹಿಡಿಯಲಿಲ್ಲ. ಬಿದ್ದದ್ದಕ್ಕಿಂತ ಬೇಗ ಎದ್ದಳು. ಉಳಿದ ಸ್ಪಿನ್‌ಗಳಲ್ಲಿ ಕಾಲು ಅದೇ ಗೆರೆಯಾಗಿ ನಿಂತಿತು. ಮುಗಿಸಿ ಹೊರಬಂದಾಗ ಮುಖದಲ್ಲಿ ಏನೂ ಇರಲಿಲ್ಲ. ಹತ್ತು ದಿನಗಳ ಹಿಂದೆ ಆ ಮುಖವನ್ನು ‘ಉಕ್ಕಿನ ನರಗಳು’ ಎಂದು ಓದಿದ್ದರು, ಈಗ ‘ದಿಗ್ಭ್ರಮೆ’ ಎಂದು ಓದಿದರು. ಮುಖ ಒಂದೇ ಆಗಿತ್ತು.

65.23, ಐದನೇ ಸ್ಥಾನ. ಯುನಾ ಕಿಮ್ 74.92, ಸೋಟ್ನಿಕೋವಾ 74.64, ಕೋಸ್ಟ್ನರ್ 74.12. ಮರುದಿನ ಫ್ರೀ ಸ್ಕೇಟ್‌ನಲ್ಲಿ ಮತ್ತದೇ ಕೆಂಪು ಉಡುಪು, ಮೂರು ಸುತ್ತಿನ ಇನ್ನೊಂದು ಜಿಗಿತವಾದ ಟ್ರಿಪಲ್ ಸಾಲ್ಕೋದಲ್ಲಿ ಮತ್ತೊಂದು ಬೀಳು. ಮೊತ್ತ 200.57, ಐದನೇ ಸ್ಥಾನ. ಹದಿನೈದನೇ ವಯಸ್ಸಿನಲ್ಲಿ ಒಲಿಂಪಿಕ್ಸ್‌ನಲ್ಲಿ ಐದನೆಯವಳಾಗುವುದು ಬೇರೆ ಯಾವ ವಾರದಲ್ಲಾದರೂ ಸಂಭ್ರಮದ ಸುದ್ದಿ.

ಅದೇ ಸಂಜೆ, ಮೊದಲ ದಿನ 55.51ರೊಂದಿಗೆ 16ನೇ ಸ್ಥಾನಕ್ಕೆ ಜಾರಿದ್ದ ಮಾವೋ ಅಸಾಡಾ ತನ್ನ ಜೀವನದ ಫ್ರೀ ಸ್ಕೇಟ್ ಮಾಡಿ 142.71 ಗಳಿಸಿದರು. ತಂಡ ಸ್ಪರ್ಧೆಯಲ್ಲಿ ಯೂಲಿಯಾ ಪಡೆದ 141.51ಕ್ಕಿಂತ ಹೆಚ್ಚು. ಆ ನಾಲ್ಕು ನಿಮಿಷಗಳ ಕೊನೆಯಲ್ಲಿ ಅಸಾಡಾ ಅತ್ತದ್ದನ್ನು ನೋಡಿ ನಾನೂ ಅತ್ತೆ. ಅವರು ಮುಗಿಸಿದ್ದು ಆರನೆಯವರಾಗಿ.

ಚಿನ್ನ ಸೋಟ್ನಿಕೋವಾಗೆ ಹೋಯಿತು. ತಂಡ ಸ್ಪರ್ಧೆಗೆ ತನ್ನನ್ನು ಆರಿಸದಿದ್ದುದು ನೋವು ತಂದಿತ್ತು, ಆ ಸಿಟ್ಟೇ ತನಗೆ ಛಲ ಕೊಟ್ಟಿತು ಎಂಬರ್ಥದ ಮಾತನ್ನು ಆಕೆಯೇ ಆಡಿದಳು. ಆಮೇಲಿನ ಗದ್ದಲ ಎಲ್ಲರಿಗೂ ಗೊತ್ತು. ಯುನಾ ಕಿಮ್‌ಗೆ ಬೆಳ್ಳಿ ಕೊಟ್ಟ ತೀರ್ಪನ್ನು ಪ್ರಶ್ನಿಸಿದ ಆನ್‌ಲೈನ್ ಮನವಿಗೆ ಇಪ್ಪತ್ತು ಲಕ್ಷದಷ್ಟು ಸಹಿಗಳು ಬಿದ್ದವು. ಯಾವ ತೀರ್ಪುಗಾರರು ಯಾರಿಗೆ ಎಷ್ಟು ಕೊಟ್ಟರು ಎಂಬುದು ಆಗ ಗುಟ್ಟಾಗಿರುತ್ತಿತ್ತು. ಕೊರಿಯದ ಅಧಿಕೃತ ದೂರು ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದಲ್ಲಿ ತಿರಸ್ಕೃತವಾಯಿತು. ಗುಟ್ಟಿನ ಪದ್ಧತಿ ಮಾತ್ರ 2016ರಲ್ಲಿ ಕೊನೆಗೊಂಡಿತು. ಈ ವಿವಾದದ ಹೊಗೆಯಲ್ಲಿ ಒಂದು ಸಂಗತಿ ಮರೆಯಾಯಿತು: ಫೆಬ್ರುವರಿ 21ರ ಬೆಳಗ್ಗೆಗೆ ಯೂಲಿಯಾ ಸುದ್ದಿಯಾಗಿ ಉಳಿದಿರಲಿಲ್ಲ. ಹನ್ನೊಂದು ದಿನ ಅವಳನ್ನು ಹೊಗಳಿ ಹೊನ್ನಶೂಲಕ್ಕೇರಿಸಿದವರು ಇಳಿಸುವ ಗೋಜಿಗೂ ಹೋಗದೆ ನಡೆದುಬಿಟ್ಟಿದ್ದರು.

ಜಪಾನಿನ ಇಬ್ಬರು

ಎಲ್ಲ ಪ್ರಕರಣಗಳೂ ಹೀಗೇ ಮುಗಿಯುತ್ತವೆ ಎಂದು ಹೇಳಲಾರೆ. ಜಪಾನಿನ ಮಿಕಿ ಆಂಡೊ 2002ರ ಡಿಸೆಂಬರ್‌ನಲ್ಲಿ ಹದಿನಾಲ್ಕನೇ ವಯಸ್ಸಿಗೆ ಕ್ವಾಡ್ರುಪಲ್ ಸಾಲ್ಕೋ ಜಿಗಿದರು. ಅಧಿಕೃತ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಒಬ್ಬ ಮಹಿಳೆ ನಾಲ್ಕು ಸುತ್ತಿನ ಜಿಗಿತ ಮಾಡಿದ್ದು ಅದೇ ಮೊದಲು. ಅಲ್ಲಿಂದ ಮುಂದೆ ಅವರ ಹೆಸರು ಬಂದಲ್ಲೆಲ್ಲ ಆ ಜಿಗಿತವೇ. 2006ರ ಟ್ಯುರಿನ್ ಒಲಿಂಪಿಕ್ಸ್‌ನಲ್ಲಿ ಅದನ್ನೇ ಪ್ರಯತ್ನಿಸಿ ಬಿದ್ದು 15ನೆಯವರಾದರು. ಅದೇ ಒಲಿಂಪಿಕ್ಸ್‌ಗೆ ಮಾವೋ ಅಸಾಡಾ ವಯಸ್ಸಿನ ಮಿತಿಗೆ 87 ದಿನ ಕಡಿಮೆ ಬಿದ್ದು ಹೋಗಲಾಗಲಿಲ್ಲ. ನಿಯಮ ಸಡಿಲಿಸಬೇಕೆಂಬ ಕೂಗು ಜಪಾನಿನಲ್ಲಿ ಜೋರಾಗಿತ್ತು. ಕೊನೆಗೆ ಚಿನ್ನ ಗೆದ್ದದ್ದು ಜಪಾನಿನವರೇ ಆದ, ಆ ಕೂಗಿನಲ್ಲಿ ಹಿಂದೆ ಸರಿದುಹೋಗಿದ್ದ 24ರ ಶಿಜುಕಾ ಅರಕಾವಾ.

ಆಂಡೊ 2007ರಲ್ಲಿ ಟೋಕಿಯೊದಲ್ಲಿ ವಿಶ್ವ ಚಾಂಪಿಯನ್ ಆದರು, 195.09 ಅಂಕ. ಎರಡನೇ ಸ್ಥಾನದಲ್ಲಿ ಅಸಾಡಾ, 194.45. ಕಾರ್ಯಕ್ರಮದಲ್ಲಿ ನಾಲ್ಕು ಸುತ್ತಿನ ಜಿಗಿತ ಇರಲಿಲ್ಲ. 2011ರಲ್ಲಿ ಮತ್ತೆ ಗೆದ್ದರು. ಅವರಿಗೆ ಸಿಕ್ಕಿದ್ದು ಸಮಯ. ಯೂಲಿಯಾಳಿಗೆ ಅದು ಸಿಗಲಿಲ್ಲ. ಏಕೆ ಎಂಬುದಕ್ಕೆ ಒಂದೇ ಕಾರಣ ಹುಡುಕುವುದು ಅನ್ಯಾಯವಾದೀತು. ಅವಳ ಹಿಂದೆ ಅದೇ ದೇಶದಲ್ಲಿ ರಾದಿಯೋನೋವಾ, ಮೆಡ್ವೆಡೆವಾರಂಥ ಇನ್ನೂ ಕಿರಿಯರ ಸಾಲು ನಿಂತಿತ್ತು, ‘ಮುಂದಿನ ಯೂಲಿಯಾ’ ಎಂಬ ಪಟ್ಟ ಹಂಚಲು ಪತ್ರಿಕೆಗಳು ಕಾದಿದ್ದವು.

2022ರ ಬೀಜಿಂಗ್ ಒಲಿಂಪಿಕ್ಸ್‌ನ ನಂತರ, ಅದೇ ವರ್ಷದ ಜೂನ್‌ನಲ್ಲಿ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹಿರಿಯರ ಸ್ಪರ್ಧೆಗಳ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಹಂತಹಂತವಾಗಿ ಏರಿಸಲು ನಿರ್ಧರಿಸಿತು. ನಾನು ಅದನ್ನು ಮನಸಾರೆ ಸ್ವಾಗತಿಸಿದೆ. ಆ ನಿಯಮ 2014ರಲ್ಲಿ ಇದ್ದಿದ್ದರೆ ಕೆಂಪು ಉಡುಪಿನ ಆ ನಾಲ್ಕು ನಿಮಿಷಗಳು ಸೋಚಿಯಲ್ಲಿ ಇರುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ಆಮೇಲಿನ ಪುಟಗಳು

ಸೋಚಿಯ ನಂತರ ಒಂದು ತಿಂಗಳಿಗೆ, ಜಪಾನಿನ ಸೈತಾಮಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಯೂಲಿಯಾ ಬೆಳ್ಳಿ ಗೆದ್ದಳು. ಅಸಾಡಾ 216.69, ಯೂಲಿಯಾ 207.50, ಕೋಸ್ಟ್ನರ್ 203.83. ಸೋಚಿಯಲ್ಲಿ ತನ್ನನ್ನು ಹಿಂದಿಕ್ಕಿದ್ದ ಕೋಸ್ಟ್ನರ್ ಅವರನ್ನು ಇಲ್ಲಿ ದಾಟಿದ್ದಳು. ಎರಡು ಬೀಳುಗಳಿಂದ, ಇಡೀ ಜಗತ್ತಿನ ನಿಟ್ಟುಸಿರಿನಿಂದ ಐದೇ ವಾರಗಳಲ್ಲಿ ಎದ್ದು ನಿಂತ ಹುಡುಗಿ. ನನ್ನ ಪ್ರಕಾರ ಅವಳ ಕ್ರೀಡಾ ಜೀವನದ ಅತ್ಯಂತ ಗಟ್ಟಿ ಸಾಧನೆ ಇದು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲು ಸಿಕ್ಕಿದೆ. ಗೆರೆ ಎಳೆದಿಲ್ಲ. ಪಕ್ಕದಲ್ಲಿ ಏನೂ ಬರೆದಿಲ್ಲ. ಉಬ್ಬರದ ಬಗ್ಗೆ ಪತ್ರಿಕೆಗಳನ್ನು ಬೈಯುತ್ತಿದ್ದ ನಾನೂ ಅಷ್ಟರಲ್ಲಿ ಬೇರೆ ಕಡೆ ನೋಡುತ್ತಿದ್ದೆ.

ಮುಂದಿನ ಋತುವಿನ ಗ್ರ್ಯಾನ್ ಪ್ರಿ ಫೈನಲ್‌ನಲ್ಲಿ ಐದನೇ ಸ್ಥಾನ. ಅದಾದ ಎರಡೇ ವಾರಕ್ಕೆ ರಷ್ಯಾದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಒಂಬತ್ತನೆಯದು. ಎತ್ತರ ಹೆಚ್ಚಿತ್ತು, ಜಿಗಿತಗಳ ಗಳಿಗೆ ತಪ್ಪುತ್ತಿತ್ತು. 2015ರ ನವೆಂಬರ್‌ನಲ್ಲಿ ಟುಟ್ಬೆರಿಡ್ಜೆ ಅವರನ್ನು ಬಿಟ್ಟು ಸೋಚಿಯಲ್ಲಿ ತರಬೇತಿ ಕೊಡುತ್ತಿದ್ದ ಅಲೆಕ್ಸಿ ಉರ್ಮಾನೊವ್ ಬಳಿ ಸೇರಿದಳು. 2016ರ ನವೆಂಬರ್‌ನಲ್ಲಿ ಮಾಸ್ಕೋದ ರೋಸ್ಟೆಲೆಕಾಮ್ ಕಪ್‌ನಲ್ಲಿ ಫ್ರೀ ಸ್ಕೇಟ್‌ನ ನಡುವೆ ಸಂಗೀತ ಸಾಗುತ್ತಿರುವಾಗಲೇ ನಿಂತುಬಿಟ್ಟಳು. ತೀರ್ಪುಗಾರರ ಬಳಿ ಹೋದಳು. ನಂತರ ಮರಳಿ ಬಂದು ಉಳಿದದ್ದನ್ನು ಮುಗಿಸಿದಳು. ಹನ್ನೆರಡನೇ ಸ್ಥಾನ. ಅದೇ ಅವಳ ಕೊನೆಯ ಸ್ಪರ್ಧೆಯಾಯಿತು. ಆ ಸಂಜೆ ಹಳೆಯ ಅಭಿಮಾನಿಗಳಲ್ಲಿ ಯಾರೂ ಲಟ್ಜ್ ಅಂಚಿನ ಮಾತೆತ್ತಲಿಲ್ಲ. ಬಿಟ್ಟು ಹೋಗದೆ ಮರಳಿ ಬಂದು ಮುಗಿಸಿದ್ದನ್ನೇ ಎಲ್ಲರೂ ಹೇಳಿದರು.

2017ರ ಆಗಸ್ಟ್ ಕೊನೆಯಲ್ಲಿ ಅವಳ ತಾಯಿ ರಷ್ಯಾದ ಸುದ್ದಿಸಂಸ್ಥೆಗೆ ನಿವೃತ್ತಿಯ ವಿಷಯ ತಿಳಿಸಿದರು. ಆ ವರ್ಷದ ಆರಂಭದಲ್ಲಿ, ತೂಕ ಹೆಚ್ಚುವ ಭಯದಿಂದ ಊಟ ಬಿಡುವ ಕಾಯಿಲೆಯಾದ ಅನೊರೆಕ್ಸಿಯಾಕ್ಕೆ ಮೂರು ತಿಂಗಳು ಚಿಕಿತ್ಸೆ ಪಡೆದಿದ್ದಳು ಎಂಬುದೂ ಆಗ ಹೊರಬಂತು. ಕೆಲವೇ ದಿನಗಳಲ್ಲಿ ಅವಳೇ ಒಂದು ಸಂದರ್ಶನದಲ್ಲಿ ಆ ಕಾಯಿಲೆಯ ಹೆಸರನ್ನು ಮುಚ್ಚಿಡದೆ ಹೇಳಿದಳು. ‘ಗರಿಯಂತೆ ಹಗುರ’ ಎಂದು ಬರೆದ ಪುಟವನ್ನು ಹುಡುಕಿ ತೆಗೆದು ಓದಿದ್ದು ನಾನು ಆ ದಿನ. ಹರಿದು ಹಾಕಬೇಕೆನ್ನಿಸಿತು, ಹಾಕಲಿಲ್ಲ. ಅದರ ಕೆಳಗೆ ತಾರೀಖು ಬರೆದು, ಸೈತಾಮಾದ ಸಾಲಿಗೆ ಮೂರು ವರ್ಷ ತಡವಾಗಿ ಗೆರೆ ಎಳೆದೆ.

ನಿವೃತ್ತಿಯ ಸುದ್ದಿಯೊಂದಿಗೆ ನಾನು ನೋಡಿದ ಬಹುಪಾಲು ಚಿತ್ರಗಳಲ್ಲಿ ಅವಳು ಕೆಂಪು ಉಡುಪಿನಲ್ಲೇ ಇದ್ದಳು, ಕಾಲು ತಲೆಯ ಪಕ್ಕಕ್ಕೆ, ಮುಖ ಮಸುಕಾಗಿ. ಹೊಸ ಚಿತ್ರ ಹುಡುಕುವಷ್ಟು ಪುರುಸೊತ್ತು ಯಾರಿಗೂ ಇದ್ದಂತಿರಲಿಲ್ಲ. ಅವಳಿಗೆ ಆಗ ಹತ್ತೊಂಬತ್ತು ವರ್ಷ.